ತಂತಿ ಬಂದ ಮೇಲೆ

ಕಳೆದ ಡಿಸೆಂಬರಿನಲ್ಲಿ ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆಂದು ಅಪ್ಪ ಪುಣೆಗೆ ಬಂದಿದ್ದರು. ಮಂಡಿನೋವಿನ ಅವ್ವ ಬರಲಿಲ್ಲ, ಅವಳ ಬದಲಿಗೆ ಶೇಂಗಾ ಉಂಡಿಯ ಡಬ್ಬಿ ಬಂತು. ಬೆಳಿಗ್ಗೆ ಐದಕ್ಕೆ ಹುಬ್ಬಳ್ಳಿ ಬಿಟ್ಟ ವಂದೇ ಭಾರತ್ ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಅವರನ್ನು ಪುಣೆ ಸ್ಟೇಷನ್ನಿನಲ್ಲಿ ಇಳಿಸಿತು. ಏಳು ವರ್ಷದ ಮಗಳು ಗಾಡಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿ, "ಅಜ್ಜಾ, ಇಂಜಿನ್ ಎಲ್ಲೈತಿ?" ಎಂದು ಕೇಳಿದಳು.

"ಇದಕ್ಕ ಬ್ಯಾರೆ ಇಂಜಿನ್ ಇಲ್ಲ ನನ್ನವ್ವಾ. ಮೋಟಾರ್ ಎಲ್ಲಾ ಡಬ್ಬಿ ಕೆಳಗ ಹಂಚಿ ಇಟ್ಟಾರ" ಅಂದರು ಅಪ್ಪ.

"ಹೆಂಗಿತ್ತಪ್ಪಾ ಗಾಡಿ?" ಎಂದು ನಾನು ಕೇಳಿದೆ.

"ಗಾಡಿ ಚಲೋ ಐತಿ. ಸಪ್ಪಳನ ಇಲ್ಲ."

ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಅದು ಹೊಗಳಿಕೆ. ಅಪ್ಪ ಹೇಳಿದಾಗ ಹಾಗೆ ಕೇಳಿಸಲಿಲ್ಲ. ಅವರು 2016ರಲ್ಲಿ ನಿವೃತ್ತರಾಗುವವರೆಗೆ ಮೂವತ್ತೈದು ವರ್ಷ ಹುಬ್ಬಳ್ಳಿಯ ಡೀಸೆಲ್ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದವರು. ಸಪ್ಪಳವೇ ಅವರ ಕೆಲಸವಾಗಿತ್ತು.

ಹುಬ್ಬಳ್ಳಿಯ ಶೆಡ್ ಬಗ್ಗೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಅಪ್ಪ ಕೆಲಸಕ್ಕೆ ಸೇರಿದಾಗ ನಮ್ಮ ಕಡೆ ಎಲ್ಲ ಮೀಟರ್ ಗೇಜ್. ತೊಂಬತ್ತರ ದಶಕದಲ್ಲಿ ಬ್ರಾಡ್ ಗೇಜ್ ಬಂತು. 1999ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನಿಂದ ಡಬ್ಲ್ಯುಡಿಜಿ-4 ಎಂಬ ಇಂಜಿನ್‌ಗಳು ಭಾರತಕ್ಕೆ ಬಂದವು. 4,000 ಅಶ್ವಶಕ್ತಿ, ಹದಿನಾರು ಸಿಲಿಂಡರ್, ಎಸಿ ಮೋಟಾರ್. ಈ ದೇಶದಲ್ಲಿ ಅವುಗಳಿಗೆ ಮೊದಲ ಮನೆಯಾದದ್ದು ಹುಬ್ಬಳ್ಳಿ. ನಾನಾಗ ಹನ್ನೆರಡರ ಹುಡುಗ. ಅಪ್ಪ ಸೈಕಲ್ ಮೇಲೆ ಕೂರಿಸಿಕೊಂಡು ಹೋಗಿ ದೂರದಿಂದ ತೋರಿಸಿದ್ದರು. ಆಮೇಲೆ ಎಷ್ಟೋ ರಾತ್ರಿ ಊಟ ಮಾಡುತ್ತಾ ಅವರು ಆ ಇಂಜಿನ್ನಿನ ಹೊಟ್ಟೆಯೊಳಗೆ ಏನೇನಿದೆ ಎಂದು ತಟ್ಟೆಯ ಮೇಲೆ ಬೆರಳಿನಿಂದ ಗೆರೆ ಎಳೆದು ಹೇಳುತ್ತಿದ್ದರು. ರೊಟ್ಟಿ ಆರಿಹೋಗುತ್ತಿತ್ತು, ಅವ್ವ ಬೈಯುತ್ತಿದ್ದಳು.

ಅಪ್ಪನಿಗೆ ಇಂಜಿನ್ನಿನ ಪಕ್ಕ ಎರಡು ನಿಮಿಷ ನಿಂತರೆ ಸಾಕು, ಯಾವ ಸಿಲಿಂಡರಿನ ಇಂಜೆಕ್ಟರ್ ಸರಿಯಾಗಿ ಎಣ್ಣೆ ಬಿಡುತ್ತಿಲ್ಲ ಎಂದು ಹೇಳುತ್ತಿದ್ದರಂತೆ. ಅವರ ಜೊತೆಯವರು ಮನೆಗೆ ಬಂದಾಗ ಇದನ್ನು ಕಥೆಯಂತೆ ಹೇಳುತ್ತಿದ್ದರು. ಅಪ್ಪ ಮಾತ್ರ, "ಅದ್ರಾಗ ಏನೈತಿ, ಕೂಸು ಅತ್ರ ತಾಯಿಗೆ ತಿಳಿಯಂಗಿಲ್ಲೇನು?" ಎಂದು ಸುಮ್ಮನಾಗುತ್ತಿದ್ದರು.

2009ರಲ್ಲಿ ಎಂಸಿಎ ಮುಗಿಸಿ ನಾನು ಪುಣೆಗೆ ಬಂದೆ. ಮೊದಲ ವರ್ಷ ಊರಿನ ನೆನಪು ಕಾಡಿದಾಗ ನಾನು ಹೋಗುತ್ತಿದ್ದ ಜಾಗ ಕನ್ನಡ ಸಂಘವೂ ಅಲ್ಲ, ಉಡುಪಿ ಹೋಟೆಲೂ ಅಲ್ಲ. ಅದು ಪುಣೆ ಸ್ಟೇಷನ್. ಏಕೆಂದರೆ ತಂತಿ ಮುಗಿಯುತ್ತಿದ್ದದ್ದು ಅಲ್ಲಿ.

1925ರ ಫೆಬ್ರವರಿ 3ರಂದು ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಓಡಿತು. ಐದಾರು ವರ್ಷದೊಳಗೆ ತಂತಿ ಘಟ್ಟ ಹತ್ತಿ ಪುಣೆಗೆ ಬಂತು. 1930ರ ಜೂನ್ 1ರಂದು ಶುರುವಾದ ಡೆಕ್ಕನ್ ಕ್ವೀನ್ ಮೊದಲಿಂದಲೇ ವಿದ್ಯುತ್ ಇಂಜಿನ್ನಿನ ಗಾಡಿ. ಆಮೇಲೆ ನಮ್ಮ ಊರ ಕಡೆಗೆ ಒಂದು ಕಂಬವೂ ಮುಂದೆ ಸರಿಯಲಿಲ್ಲ. ಹತ್ತಿರ ಹತ್ತಿರ ಒಂಬತ್ತು ದಶಕ ಸಾತಾರಾ, ಸಾಂಗ್ಲಿ, ಮಿರಜ್, ಬೆಳಗಾವಿ, ಹುಬ್ಬಳ್ಳಿ ದಾರಿಯ ಮೇಲೆ ಬರೀ ಆಕಾಶ ಇತ್ತು. ಮುಂಬಯಿಯಿಂದ ಬಂದ ಗಾಡಿಯ ವಿದ್ಯುತ್ ಇಂಜಿನ್ನನ್ನು ಪುಣೆಯಲ್ಲಿ ಕಳಚಿ ಡೀಸೆಲ್ ಇಂಜಿನ್ ಜೋಡಿಸುತ್ತಿದ್ದರು. ನಾನು ಚಹಾ ಹಿಡಿದು ಅದನ್ನು ನೋಡುತ್ತಾ ನಿಲ್ಲುತ್ತಿದ್ದೆ. ಒಮ್ಮೊಮ್ಮೆ ಬರುವ ಇಂಜಿನ್ನಿನ ಮೈಮೇಲೆ 'ಯುಬಿಎಲ್' ಎಂದು ಬರೆದಿರುತ್ತಿತ್ತು. ಯುಬಿಎಲ್ ಅಂದರೆ ಹುಬ್ಬಳ್ಳಿ. ನಮ್ಮಪ್ಪ ಇದರ ಬೋಲ್ಟ್ ತಿರುಗಿಸಿರಬಹುದು ಅಂದುಕೊಳ್ಳುತ್ತಿದ್ದೆ. ಈ ಪತ್ರಿಕೆ ಓದುವ ನಿಮ್ಮಲ್ಲಿ ಕೆಲವರಾದರೂ ಸಿಕಂದರಾಬಾದಿನಲ್ಲೋ ಮತ್ತೆಲ್ಲೋ ಪ್ಲಾಟ್‌ಫಾರ್ಮಿನಲ್ಲಿ ನಿಂತು ಆ ಮೂರು ಅಕ್ಷರ ನೋಡಿ ಒಂದು ಕ್ಷಣ ಊರಿಗೆ ಹೋಗಿಬಂದಿರುತ್ತೀರಿ.

ಈಗ ಆ ದಾರಿಗೂ ತಂತಿ ಬಂದಿದೆ. ಅದು ಬಂದದ್ದರಿಂದಲೇ 2024ರ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿ–ಪುಣೆ ವಂದೇ ಭಾರತ್ ಶುರುವಾಗಲು ಸಾಧ್ಯವಾಯಿತು, ಅಪ್ಪ ಎಂಟೂವರೆ ಗಂಟೆಯಲ್ಲಿ ಮೊಮ್ಮಗಳ ಹತ್ತಿರ ಬಂದರು.

ಆ ದಿನ ಊಟವಾದ ಮೇಲೆ ಅಪ್ಪ ಇನ್ನೊಂದು ಸಂಗತಿ ಹೇಳಿದರು. ಬರುವ ದಾರಿಯಲ್ಲಿ ಒಂದು ಯಾರ್ಡಿನ ಮೂಲೆಯಲ್ಲಿ ಡೀಸೆಲ್ ಇಂಜಿನ್‌ಗಳ ಒಂದು ಸಾಲು ನಿಂತಿತ್ತಂತೆ. ಗಾಲಿಯ ಮಟ್ಟಕ್ಕೆ ಹುಲ್ಲು ಬೆಳೆದಿತ್ತಂತೆ. ಗಾಡಿ ಅಲ್ಲಿ ನಿಧಾನವಾದಾಗ ಒಂದರ ನಂಬರ್ ಓದಲು ಸಿಕ್ಕಿತು. "ಅದರ ಟರ್ಬೊ ನಾವ ಹಾಕಿದ್ವಿ" ಅಂದರು. ಅಷ್ಟು ಹೇಳಿ ಟಿವಿ ಹಚ್ಚಿದರು.

ಸಮಾಧಾನ ಮಾಡಬೇಕೆಂದು ಹೊರಟ ನಾನು ಭಾಷಣ ಮಾಡಿಬಿಟ್ಟೆ. ನಮ್ಮ ಕಚ್ಚಾ ತೈಲದಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಹೊರದೇಶದ್ದು. ವಿದ್ಯುತ್ ಇಂಜಿನ್ ತನ್ನ ಇಂಧನವನ್ನು ತಾನು ಹೊತ್ತು ತಿರುಗಬೇಕಿಲ್ಲ. ಡಬ್ಲ್ಯುಡಿಜಿ-4ಕ್ಕೆ 4,000 ಅಶ್ವಶಕ್ತಿ ಇದ್ದರೆ ಇವತ್ತಿನ ವಿದ್ಯುತ್ ಇಂಜಿನ್ ಡಬ್ಲ್ಯುಎಪಿ-7ಕ್ಕೆ 6,000ಕ್ಕೂ ಮೇಲೆ. ಬ್ರೇಕ್ ಹಾಕಿದಾಗ ಅದು ತನ್ನ ಮೋಟಾರುಗಳನ್ನೇ ಜನರೇಟರ್ ಮಾಡಿಕೊಂಡು ಕರೆಂಟನ್ನು ತಂತಿಗೆ ವಾಪಸ್ ಕೊಡುತ್ತದೆ, ಡೀಸೆಲ್ ಇಂಜಿನ್ ಅದೇ ಶಕ್ತಿಯನ್ನು ಬಿಸಿ ಮಾಡಿ ಗಾಳಿಗೆ ಬಿಡುತ್ತದೆ. ಗಾಡಿಯ ದೀಪ, ಎಸಿಗೂ ತಂತಿಯಿಂದಲೇ ಕರೆಂಟ್ ಸಿಗುವುದರಿಂದ ತುದಿಯ ಡಬ್ಬಿಯಲ್ಲಿ ಹೊಗೆ ಉಗುಳುತ್ತಾ ಬಡಿದುಕೊಳ್ಳುವ ಜನರೇಟರೂ ಬೇಡ. ಹೀಗೇ ಹೇಳುತ್ತಾ ಹೋದೆ.

ಅಪ್ಪ ಪೂರ್ತಿ ಕೇಳಿದರು. ಆಮೇಲೆ ಅಂದರು: "ತಮ್ಮಾ, ನಾವು ಮಾಡಿದ್ದೂ ಕರೆಂಟಿನ ಗಾಡೀನ. ಡೀಸೆಲ್ಲು ಗಾಲಿ ತಿರುಗಸಂಗಿಲ್ಲ. ಡೀಸೆಲ್ಲು ಆಲ್ಟರ್ನೇಟರ್ ತಿರುಗಸತೈತಿ, ಅದರ ಕರೆಂಟು ಮೋಟಾರಿಗೆ ಹೋಗತೈತಿ, ಮೋಟಾರು ಗಾಲಿ ತಿರುಗಸತೈತಿ. ಪವರ್ ಹೌಸ್ ಬೆನ್ನ ಮ್ಯಾಲ ಹೊತ್ಕೊಂಡು ಓಡತಿತ್ತು, ಅಷ್ಟ. ಈಗ ಪವರ್ ಹೌಸ್ ಬ್ಯಾರೆ ಕಡೆ ಇಟ್ರು. ಅದು ಬರೋಬ್ಬರಿನ ಐತಿ. ನಾ ಅದಕ್ಕ ಬ್ಯಾಡ ಅಂದೇನು?"

"ಮತ್ತ ಏನ್ ಬ್ಯಾಸರ ನಿಮಗ?"

"ಇಂಜಿನ್ ಎಷ್ಟ ವರ್ಷ ಓಡಬೇಕಿತ್ತೋ ಅಷ್ಟ ವರ್ಷ ಓಡಲಿಲ್ಲ."

ಆ ರಾತ್ರಿ ನಿದ್ದೆ ಬರಲಿಲ್ಲ. ಲ್ಯಾಪ್‌ಟಾಪ್ ತೆಗೆದು ಕುಳಿತೆ. ಅಪ್ಪನ ಬೇಸರಕ್ಕೆ ಲೆಕ್ಕ ಇದೆಯೇ, ಅಥವಾ ಅದು ಬರೀ ಹಳೆಯ ಮನುಷ್ಯನ ಹಳಹಳಿಕೆಯೇ ಎಂದು ನೋಡಬೇಕಿತ್ತು.

2015ರ ನವೆಂಬರಿನಲ್ಲಿ ರೈಲ್ವೆ ಒಂದೇ ತಿಂಗಳಲ್ಲಿ ಎರಡು ದೊಡ್ಡ ಒಪ್ಪಂದ ಮಾಡಿಕೊಂಡಿತು. ಎರಡೂ ಕಾರ್ಖಾನೆ ಬಿಹಾರದಲ್ಲಿ. ಮಧೇಪುರದಲ್ಲಿ ಫ್ರಾನ್ಸಿನ ಆಲ್‌ಸ್ಟಾಮ್ ಜೊತೆ 800 ವಿದ್ಯುತ್ ಇಂಜಿನ್, ಒಂದೊಂದೂ 12,000 ಅಶ್ವಶಕ್ತಿಯದು. ಮಢೌರಾದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಜೊತೆ 1,000 ಡೀಸೆಲ್ ಇಂಜಿನ್, 4,500 ಮತ್ತು 6,000 ಅಶ್ವಶಕ್ತಿಯವು. ಎರಡು ಕಾಲಿನ ಮೇಲೆ ನಿಲ್ಲುವ ಯೋಚನೆ ಎಂದು ಇಟ್ಟುಕೊಳ್ಳೋಣ. ಆದರೆ ಮೂರು ವರ್ಷ ತುಂಬುವ ಮೊದಲೇ, 2018ರ ಸೆಪ್ಟೆಂಬರಿನಲ್ಲಿ, ಕೇಂದ್ರ ಸಂಪುಟ ಉಳಿದ 13,675 ಕಿಲೋಮೀಟರ್ ಬ್ರಾಡ್ ಗೇಜ್ ಹಳಿಗೂ ತಂತಿ ಎಳೆಯಲು ಒಪ್ಪಿಗೆ ಕೊಟ್ಟಿತು. ಖರ್ಚು 12,134 ಕೋಟಿ ರೂಪಾಯಿ. ಕಿಲೋಮೀಟರಿಗೆ ಸುಮಾರು 89 ಲಕ್ಷ. ಇಂಧನದ ಬಿಲ್ಲಿನಲ್ಲಿ ವರ್ಷಕ್ಕೆ 13,510 ಕೋಟಿ ಉಳಿತಾಯ ಎಂದು ಸರ್ಕಾರ ಹೇಳಿತು. 2014ರವರೆಗೆ ಎಂಬತ್ತೊಂಬತ್ತು ವರ್ಷಗಳಲ್ಲಿ ಸುಮಾರು 21,800 ಕಿಲೋಮೀಟರ್ ತಂತಿ ಕಂಡಿದ್ದ ದೇಶ, ಆಮೇಲಿನ ಹತ್ತು ಹನ್ನೊಂದು ವರ್ಷಗಳಲ್ಲಿ 45,000 ಕಿಲೋಮೀಟರಿಗೂ ಹೆಚ್ಚು ಎಳೆಯಿತು. ಇದು ಸಣ್ಣ ಸಾಧನೆಯಲ್ಲ. ಒಂದು ಸಾಫ್ಟ್‌ವೇರ್ ರಿಲೀಸನ್ನು ಹೇಳಿದ ತಾರೀಕಿಗೆ ಮುಗಿಸಲಾಗದ ನಾನು ಇದರ ಬಗ್ಗೆ ಹಗುರವಾಗಿ ಮಾತಾಡಲಾರೆ.

ಆದರೆ ಒಂದು ಡೀಸೆಲ್ ಇಂಜಿನ್ನಿನ ಲೆಕ್ಕದ ಆಯುಷ್ಯ ಸುಮಾರು 36 ವರ್ಷ. 1999ರ ನಂತರ ಬಂದ, ಅಪ್ಪನ ಕೈಯಲ್ಲಿ ಹಾದುಹೋದ ಇಂಜಿನ್‌ಗಳಲ್ಲಿ ಅತಿ ಹಳೆಯದಕ್ಕೂ 2035ರವರೆಗೆ ವಯಸ್ಸಿತ್ತು. 2015ರಲ್ಲಿ ಸಾವಿರ ಹೊಸ ಡೀಸೆಲ್‌ಗೆ ಸಹಿ ಹಾಕಿದವರಿಗೆ, 2018ರಲ್ಲಿ ಎಲ್ಲ ಹಳಿಗೂ ತಂತಿ ಎಂದವರಿಗೆ, ಈ 36ರ ಅಂಕಿ ಗೊತ್ತಿರಲಿಲ್ಲ ಎಂದಲ್ಲ. ಆದರೆ ಖರ್ಚು 12,134, ಉಳಿತಾಯ 13,510 ಎಂಬ ಎರಡು ಸಾಲಿನ ನಡುವೆ, ಅರ್ಧ ಆಯುಷ್ಯಕ್ಕೆ ನಿಲ್ಲಿಸುವ ಇಂಜಿನ್‌ಗಳದ್ದೂ ಒಂದು ಸಾಲು ಬೇಕಿತ್ತು. ನಾವು ಪತ್ರಿಕೆಗಳಲ್ಲಿ ಓದಿದ ಲೆಕ್ಕದಲ್ಲಿ ಅದು ಕಾಣಲಿಲ್ಲ.

ಇದು ನನಗೆ ಚುಚ್ಚಿದ್ದಕ್ಕೆ ಬೇರೆ ಕಾರಣವೂ ಇದೆ. ಎರಡು ವರ್ಷದ ಹಿಂದೆ ನಮ್ಮ ಕಂಪನಿಯಲ್ಲಿ ಒಬ್ಬ ಗ್ರಾಹಕರ ಹಳೆಯ ವ್ಯವಸ್ಥೆಯನ್ನು ಕ್ಲೌಡಿಗೆ ಸಾಗಿಸುವ ಕೆಲಸ ನನ್ನದಾಗಿತ್ತು. ನಿರ್ಧಾರ ಸರಿಯಾಗಿತ್ತು. ಹಳೆಯದು ನಿಧಾನ, ದುಬಾರಿ, ಅದನ್ನು ಬಲ್ಲವರು ಕಡಿಮೆ. ನಾನು ತಯಾರಿಸಿದ ಯೋಜನೆಯಲ್ಲಿ ಇನ್ನೂರಕ್ಕೂ ಹೆಚ್ಚು ಸಾಲುಗಳಿದ್ದವು. ಹಳೆಯ ವ್ಯವಸ್ಥೆಗೆ ಒಂದೇ ಸಾಲು: 'ಸ್ಥಗಿತಗೊಳಿಸುವುದು'. ಅದನ್ನು ಹದಿನಾಲ್ಕು ವರ್ಷ ನೋಡಿಕೊಂಡ ಹಿರಿಯ ಸಹೋದ್ಯೋಗಿಯ ಹೆಸರು ಗೋ-ಲೈವ್ ತಾರೀಕಿನ ನಂತರ ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಸಾಗಿಸಿದ ಮೊದಲ ತಿಂಗಳ ಕೊನೆಗೆ ಲೆಕ್ಕ ತಾಳೆಯಾಗಲಿಲ್ಲ. ರಾತ್ರಿ ಹನ್ನೊಂದಕ್ಕೆ ಅವರಿಗೇ ಫೋನ್ ಮಾಡಿದೆ. ಅವರು ಏನೂ ಅನ್ನದೆ ಲಾಗಿನ್ ಆಗಿ ಇಪ್ಪತ್ತು ನಿಮಿಷದಲ್ಲಿ ತಪ್ಪು ತೋರಿಸಿದರು. ಮರುದಿನ ಎಲ್ಲರೂ ನನಗೆ ಅಭಿನಂದನೆ ಹೇಳಿದರು. ಆ ಹಾಳೆಯನ್ನು ಬರೆದವನು ನಾನೇ. ಆದ್ದರಿಂದ ಸರ್ಕಾರದ ಹಾಳೆಯಲ್ಲಿ ಏನು ಬಿಟ್ಟುಹೋಗಿದೆ ಎಂದು ಕಂಡುಹಿಡಿಯುವುದು ನನಗೆ ಕಷ್ಟವಾಗಲಿಲ್ಲ.

ನ್ಯಾಯವಾಗಿ ಹೇಳಬೇಕಾದ್ದನ್ನೂ ಹೇಳುತ್ತೇನೆ. ಮಢೌರಾದ ಒಪ್ಪಂದವನ್ನು ಮರುಪರಿಶೀಲಿಸುವ ಮಾತು 2017ರಲ್ಲಿ ಎದ್ದಿತ್ತು. ಕೊನೆಗೆ ಸರ್ಕಾರ ಕೊಟ್ಟ ಮಾತು ಮುರಿಯಲಿಲ್ಲ. ಅದೇ ಕಾರ್ಖಾನೆಯಿಂದ 2025ರ ಜೂನ್‌ನಲ್ಲಿ ಆಫ್ರಿಕಾದ ಗಿನಿ ದೇಶದ ಕಬ್ಬಿಣದ ಅದಿರಿನ ಗಣಿಗಾಗಿ ಡೀಸೆಲ್ ಇಂಜಿನ್ ಹೊರಟಿತು. ನಮ್ಮ ಹಳೆಯ ಬ್ರಾಡ್ ಗೇಜ್ ಡೀಸೆಲ್‌ಗಳಲ್ಲಿ ಕೆಲವನ್ನು 2020ರಲ್ಲೂ 2023ರಲ್ಲೂ ಬಾಂಗ್ಲಾದೇಶಕ್ಕೆ ಕೊಟ್ಟರು. 1964ರಿಂದ ಡೀಸೆಲ್ ಇಂಜಿನ್ ಕಟ್ಟಿದ ವಾರಾಣಸಿಯ ಕಾರ್ಖಾನೆ 2019ರಲ್ಲಿ ಎರಡು ಹಳೆಯ ಡೀಸೆಲ್‌ಗಳನ್ನು ಜೋಡಿಸಿ 10,000 ಅಶ್ವಶಕ್ತಿಯ ವಿದ್ಯುತ್ ಇಂಜಿನ್ ಮಾಡಿ ತೋರಿಸಿತು. ಅಪ್ಪ ಹೇಳಿದ್ದು ಇದನ್ನೇ ಅಲ್ಲವೇ? ಬೆನ್ನ ಮೇಲಿನ ಪವರ್ ಹೌಸ್ ಇಳಿಸಿದರೆ ಉಳಿಯುವುದು ಕರೆಂಟಿನ ಗಾಡಿಯೇ. ಆದರೆ ಆ ಪ್ರಯೋಗ ಕೆಲವೇ ಇಂಜಿನ್‌ಗಳಿಗೆ ನಿಂತಿತು. ಮರುವರ್ಷ ಆ ಕಾರ್ಖಾನೆಯ ಹೆಸರಿನಿಂದ 'ಡೀಸೆಲ್' ಎಂಬ ಪದವೂ ಹೋಗಿ ಅದು ಬನಾರಸ್ ಲೋಕೋಮೋಟಿವ್ ವರ್ಕ್ಸ್ ಆಯಿತು.

ಹುಬ್ಬಳ್ಳಿ ಶೆಡ್ಡಿಗೂ ಈಗ ವಿದ್ಯುತ್ ಇಂಜಿನ್‌ಗಳು ಬಂದಿವೆ. ನನ್ನ ಕಾಕಾನ ಮಗ ಅಲ್ಲೇ ಕೆಲಸಕ್ಕಿದ್ದಾನೆ. ತರಬೇತಿ ಮುಗಿಸಿ ಈಗ ವಿದ್ಯುತ್ ವಿಭಾಗದಲ್ಲಿದ್ದಾನೆ. ಫೋನಿನಲ್ಲಿ ಕೇಳಿದೆ. "ಬೋಗಿ, ಬ್ರೇಕ್, ಮೋಟಾರ್ ಎಲ್ಲಾ ಗುರ್ತಿನ ಮಂದೀನ ಅಣ್ಣಾ. ಸ್ಕ್ರೀನ್ ಮ್ಯಾಲ ಫಾಲ್ಟ್ ನಂಬರ್ ಬರತೈತಿ, ಕಾರ್ಡ್ ಬದಲಿ ಮಾಡ್ತೀವಿ. ಕೈ ಹೊಲಸಾಗಂಗಿಲ್ಲ" ಎಂದು ನಕ್ಕ. "ಆದ್ರ ದೊಡ್ಡಪ್ಪಗ ಹೇಳಬ್ಯಾಡ" ಅಂದ.

ಇನ್ನೊಂದು ಪ್ರಶ್ನೆ ನನ್ನದೇ ಮನಸ್ಸಿನದು. ತಂತಿಗೆ ಬರುವ ಕರೆಂಟು ಎಲ್ಲಿಯದು? ರಾಯಚೂರಿನಲ್ಲಿ, ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಕಲ್ಲಿದ್ದಲು ಸುಟ್ಟೇ ವಿದ್ಯುತ್ ಮಾಡುತ್ತಾರೆ. ಆ ಕಲ್ಲಿದ್ದಲನ್ನೂ ರೈಲೇ ಹೊತ್ತು ತರುತ್ತದೆ. ಹಾಗಾದರೆ ಹುಬ್ಬಳ್ಳಿಯ ಹೊಗೆಯನ್ನು ರಾಯಚೂರಿಗೆ ಕಳಿಸಿದೆವಷ್ಟೇ ಎಂದು ಹೇಳಬಹುದು. ಇವತ್ತಿನ ಮಟ್ಟಿಗೆ ಅದರಲ್ಲಿ ಸತ್ಯವಿದೆ. ಆದರೆ ನಾಳೆ ಪಾವಗಡದ ಬಿಸಿಲಿನಿಂದಲೋ ಗದಗ, ಚಿತ್ರದುರ್ಗದ ಗಾಳಿಯಿಂದಲೋ ಬಂದ ಕರೆಂಟನ್ನೂ ಅದೇ ತಂತಿ ಒಂದು ಬೋಲ್ಟ್ ಬದಲಿಸದೆ ತೆಗೆದುಕೊಳ್ಳುತ್ತದೆ. ಡೀಸೆಲ್ ಟ್ಯಾಂಕಿಗೆ ಡೀಸೆಲ್ಲೇ ಬೇಕು. ಈ ಒಂದು ಕಾರಣಕ್ಕಾದರೂ ತಂತಿಯ ಪಕ್ಷವೇ ನನ್ನದು. ಇದನ್ನು ಅಪ್ಪನಿಗೂ ಹೇಳಿದೆ, ಅವರು ತಲೆಯಾಡಿಸಿದರು.

ಮರುದಿನ ಚಹಾ ಕುಡಿಯುವಾಗ ಅಪ್ಪ ಕೇಳಿದರು: "ತಂತಿ ಹರದು ಬಿತ್ತು ಅಂದ್ರ ಅದನ್ನ ರಿಪೇರಿ ಮಾಡಾಕ ಯಾವ ಗಾಡಿ ಹೋಗತೈತಿ ಹೇಳು."

ನನಗೆ ಗೊತ್ತಿರಲಿಲ್ಲ.

"ಟವರ್ ವ್ಯಾಗನ್. ಡೀಸೆಲ್ಲಿಂದು."

ಹೌದು, ಕರೆಂಟಿಲ್ಲದ ಕಡೆ ಕರೆಂಟಿನ ಗಾಡಿ ಹೋಗಲಾರದು. ಹಳಿ ತಪ್ಪಿದ ಡಬ್ಬಿ ಎತ್ತುವ 140 ಟನ್ನಿನ ಕ್ರೇನೂ ಡೀಸೆಲ್ಲಿನದೇ. ದಿಲ್ಲಿಯ ಕನ್ನಡಿಗರಿಗೆ 2012ರ ಜುಲೈ 30, 31 ನೆನಪಿರಬಹುದು. ಉತ್ತರದ ಗ್ರಿಡ್ ಕುಸಿದು ಗಾಡಿಗಳು ನಿಂತಲ್ಲೇ ನಿಂತವು. ಪೂರ್ವ ಕರಾವಳಿಯಲ್ಲಿ ಚಂಡಮಾರುತ ಬಂದಾಗಲೆಲ್ಲ ಮೊದಲು ಬೀಳುವುದು ಕಂಬ ಮತ್ತು ತಂತಿ. ಇಂಥ ದಿನಗಳಿಗೆಂದು ಒಂದಷ್ಟು ಡೀಸೆಲ್ ಇಟ್ಟುಕೊಳ್ಳುತ್ತೇವೆ ಎಂದು ರೈಲ್ವೆಯೂ ಹೇಳುತ್ತದೆ. ಒಳ್ಳೆಯದು. ಆದರೆ ಅಪ್ಪ ಹೇಳುವಂತೆ, ಇಂಜಿನ್ ಇಟ್ಟುಕೊಳ್ಳುವುದು ಅಂದರೆ ಹುಲ್ಲಿನಲ್ಲಿ ನಿಲ್ಲಿಸುವುದಲ್ಲ. ಅದನ್ನು ಆಗಾಗ ಚಾಲೂ ಮಾಡಬೇಕು, ಎಣ್ಣೆ ಬದಲಿಸಬೇಕು, ಬ್ಯಾಟರಿ ನೋಡಬೇಕು. ಅದನ್ನು ಓಡಿಸಲು, ರಿಪೇರಿ ಮಾಡಲು ಬರುವವರನ್ನು ತಯಾರು ಮಾಡುತ್ತಲೇ ಇರಬೇಕು. ಹೊಸ ಹುಡುಗರೆಲ್ಲ ಸ್ಕ್ರೀನ್ ಕಲಿತ ಮೇಲೆ, ಹತ್ತು ವರ್ಷದ ನಂತರ, ಬಿರುಗಾಳಿಯ ರಾತ್ರಿ ಯಾರಿಗೆ ಫೋನ್ ಮಾಡುವುದು? ನಾನು ಆ ರಾತ್ರಿ ಹನ್ನೊಂದಕ್ಕೆ ಮಾಡಿದ ಫೋನ್ ನೆನಪಾಯಿತು.

ಮುಂದಿನ ಸಲ ಸರ್ಕಾರ ಯಾವುದೇ ದೊಡ್ಡ ಬದಲಾವಣೆಗೆ ಕೈಹಾಕಿದಾಗ, ಅದು ಹೈಡ್ರೋಜನ್ ಇರಲಿ, ಬ್ಯಾಟರಿ ಇರಲಿ, ಹೊಸದರ ಖರ್ಚು ಮತ್ತು ಉಳಿತಾಯದ ಜೊತೆ ಮೂರನೆಯ ಸಾಲೂ ಇರಲಿ ಎಂಬುದು ನನ್ನ ಆಸೆ. ಇವತ್ತು ಓಡುತ್ತಿರುವುದು ಯಾವಾಗ ನಿಲ್ಲುತ್ತದೆ, ಅದರಲ್ಲಿ ಉಳಿದಿರುವ ಬೆಲೆ ಎಷ್ಟು, ಅದನ್ನು ಬಲ್ಲವರು ಎಲ್ಲಿಗೆ ಹೋಗುತ್ತಾರೆ ಎನ್ನುವುದನ್ನು ಮೊದಲೇ ಬರೆದಿಡಬೇಕು. ಹಾಗೆ ಬರೆದಿದ್ದರೆ 2015ರ ಸಾವಿರ ಇಂಜಿನ್ನಿನ ಅಂಕಿ ಬೇರೆ ಇರುತ್ತಿತ್ತೇನೋ. ತಂತಿಯ ಕೆಲಸ ಮೊದಲು ಗಾಡಿ ಹೆಚ್ಚಿರುವ ಮಾರ್ಗಗಳಲ್ಲಿ ಮುಗಿದು, ದಿನಕ್ಕೆ ನಾಲ್ಕು ಗಾಡಿ ಓಡುವ ಮಾರ್ಗಗಳಲ್ಲಿ ಇರುವ ಡೀಸೆಲ್‌ಗಳು ತಮ್ಮ ಆಯುಷ್ಯ ಮುಗಿಸುತ್ತಿದ್ದವೇನೋ.

ನಾಲ್ಕು ದಿನ ಇದ್ದು ಅಪ್ಪ ಹೊರಟರು. ಸ್ಟೇಷನ್ನಿಗೆ ಬಿಡಲು ಮೂವರೂ ಹೋದೆವು. ಪಕ್ಕದ ಲೈನಿನಲ್ಲಿ ಡಬ್ಬಿ ಜೋಡಿಸುವ ಹಳೆಯ ಡೀಸೆಲ್ ಇಂಜಿನ್ ಒಂದು ಗುಡುಗುಡು ಅನ್ನುತ್ತಾ ನಿಂತಿತ್ತು. ಅಪ್ಪ ಚೀಲ ಕೆಳಗಿಟ್ಟು ನಿಂತರು. ಮಗಳು ಕಿವಿ ಮುಚ್ಚಿಕೊಂಡಳು.

"ಕೈ ತಗಿ ನನ್ನವ್ವಾ, ಕೇಳು" ಅಂದರು ಅಪ್ಪ. ಅವಳು ಕೈ ತೆಗೆದಳು. "ಧಕ್, ಧಕ್, ಧಕ್ ಅಂತೈತಿ, ನಡುವ ಒಂದು ಸಣ್ಣಗ ಬಿಟ್ಟು ಹೋಗತೈತಿ ನೋಡು. ಅದರ ಇಂಜೆಕ್ಟರ್ ನೋಡಬೇಕು."

ನಾನೂ ಕಿವಿಗೊಟ್ಟೆ. ನನಗೆ ಎಲ್ಲಾ ಒಂದೇ ಸಪ್ಪಳ. ಮಗಳು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತಿದ್ದು, "ಹೂಂ ಅಜ್ಜಾ, ಒಂದು ಬಿಟ್ಟು ಹೋಗತೈತಿ" ಅಂದಳು. ನಿಜವಾಗಿ ಕೇಳಿಸಿತೋ, ಅಜ್ಜನ ಮನಸ್ಸಿಗಾಗಿ ಅಂದಳೋ, ಇವತ್ತಿಗೂ ಕೇಳಿಲ್ಲ. ಅಷ್ಟರಲ್ಲಿ ವಂದೇ ಭಾರತ್ ಸಪ್ಪಳವಿಲ್ಲದೆ ಬಂದು ನಿಂತಿತು. ಅಪ್ಪ ಹತ್ತಿ, ಕಿಟಕಿಯ ಪಕ್ಕ ಕುಳಿತು, ಆ ಹಳೆಯ ಇಂಜಿನ್ ಕಡೆಗೇ ನೋಡುತ್ತಿದ್ದರು.